ಎಡಗಿವಿಯ ಹಿಂದೆ ಬಿಟ್ಟ ಕೂದಲು

ಚೀನೀ ಹೊಸವರ್ಷದ ಮೊದಲ ತಿಂಗಳು ನಮ್ಮೂರಲ್ಲಿ ಕ್ಷೌರಿಕನಾದ ನನಗೆ ತಲೆ ಕೊಡುವವರೇ ಇರುವುದಿಲ್ಲ. ಆ ತಿಂಗಳು ಕೂದಲು ತೆಗೆಸಿದರೆ ಸೋದರಮಾವ ಸಾಯುತ್ತಾನಂತೆ. ಮಾವನ ಮೇಲೆ ಪ್ರೀತಿ ಇಲ್ಲದವರೂ ಅತ್ತೆಗೆ ಹೆದರಿ ಕರಡಿಗಳ ಹಾಗೆ ಓಡಾಡುತ್ತಾರೆ. ಎರಡನೇ ತಿಂಗಳ ಎರಡನೇ ದಿನ, ಚಳಿಗಾಲವೆಲ್ಲ ಮಲಗಿದ್ದ ಡ್ರ್ಯಾಗನ್ ತಲೆ ಎತ್ತುತ್ತದಂತೆ. ಅವತ್ತು ತೆಗೆಸಿದರೆ ವರ್ಷವಿಡೀ ಅದೃಷ್ಟ ಅಂತ ಊರಿಗೂರೇ ಬಂದು ನನ್ನ ಮುಂದೆ ತಲೆ ತಗ್ಗಿಸುತ್ತದೆ.

ಈ ಸಲ ಮೊದಲ ತಿಂಗಳ ಹತ್ತನೇ ದಿನವೇ ಮಿಯಾವ್ ಮಾವ ಅಂಗಡಿಗೆ ಬಂದ. ನನ್ನ ಗೆಳೆಯ ಛೆಂಗ್‌ಲುವಿನ ಸೋದರಮಾವ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವನು. ಎಂಬತ್ತಾರು ವರ್ಷ.

"ಲೇ ಫು, ಮಷೀನ್ ತಗೊಂಡು ಮನೆಗೆ ಬಾ. ಛೆಂಗ್‌ಲುಗೆ ನುಣ್ಣಗೆ ಬೋಳಿಸ್ಬೇಕು."

"ಇನ್ನು ಮೂರು ವಾರ ತಡ್ಕೋ ಮಾವ."

"ಅವನ ಹತ್ರ ಇದೆಯೇನೋ ಮೂರು ವಾರ?"

ಡಾಕ್ಟರು ಕೈಚೆಲ್ಲಿ ಅವನನ್ನು ಮನೆಗೆ ಕಳಿಸಿದ್ದರು. ಔಷಧಿಗೆ ಕೂದಲು ಉದುರಿ ಗಂಜಿಯಲ್ಲೆಲ್ಲ ಬೀಳುತ್ತಿತ್ತು. ನಾನು ಅದಕ್ಕೇ ಅಂದುಕೊಂಡೆ. ಮಾವ ದನಿ ತಗ್ಗಿಸಿದ.

"ಒಂದು ಜೀವ ಹೋಗ್ಲೇಬೇಕಂದ್ರೆ ನಂದು ಹೋಗ್ಲಿ. ಊರೆಲ್ಲ ನಂಬೋ ಮಾತು, ಒಂದ್ಸಲನಾದ್ರೂ ಉಪಯೋಗಕ್ಕೆ ಬರ್ಲಿ. ಅವನಿಗೆ ಮಾತ್ರ ಹೇಳ್ಬೇಡ."

ಛೆಂಗ್‌ಲು, ಕೆಳಗೆ ಒಲೆ ಉರಿಯುವ ಬೆಚ್ಚನೆಯ ಇಟ್ಟಿಗೆ ಮಂಚದ ಮೇಲೆ ಮಲಗಿದ್ದ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದವನು. ಊರಲ್ಲಿ ಅವನು ಅಣಕಿಸದ ಗಂಟಲಿಲ್ಲ. ನನ್ನನ್ನು ಕಂಡದ್ದೇ ಮಾವನ ಹಾಗೆ ಎರಡು ಸಲ ಕೆಮ್ಮಿ, "ಲೇ ಫು, ಹುಷಾರು, ಕಿವಿ ಇರೋದು ಎರಡೇ" ಅಂದ. ಆಮೇಲೆ ತನ್ನದೇ ಸಣ್ಣ ದನಿಯಲ್ಲಿ, "ಬೇಡ ಕಣೋ. ಮಾವ ಇದ್ದಾನೆ" ಅಂದ.

"ಕತ್ತರಿಸಿದ್ರೆ ತಾನೇ ದೋಷ? ಬೋಳಿಸಿದ್ರೆ ಇಲ್ಲ. ಫು ಕಾಲೇಜು ಓದಿದವನು, ಕೇಳು" ಅಂದ ಮಾವ.

ಕಾಲೇಜು ಓದಿದವನು ಹೌದೆಂದು ತಲೆಯಾಡಿಸಿದೆ.

ಮಷೀನ್ ತಾಗುವ ಮೊದಲೇ ಕೂದಲು ಕೈಗೆ ಬರುತ್ತಿತ್ತು. ಎಡಗಿವಿಯ ಹಿಂದೆ ಮಾತ್ರ ಉಗುರಗಲದಷ್ಟು ಗಟ್ಟಿಯಾಗಿ ನಿಂತಿತ್ತು. ಅದನ್ನು ಹಾಗೇ ಬಿಟ್ಟು ಟೋಪಿ ಎಳೆದೆ. ಅರ್ಧ ಬಿಟ್ಟ ಕ್ಷೌರ ಕ್ಷೌರವಲ್ಲ. ಗೆಳೆಯನನ್ನಂತೂ ಉಳಿಸಲಾರೆ, ಮುದುಕನನ್ನು ನನ್ನ ಕೈಯಾರೆ ಯಾಕೆ ಕೊಲ್ಲಲಿ?

ಮಾವ ಅವತ್ತೇ ತನ್ನ ಹೆಣಕ್ಕೆಂದು ಹೊಲಿಸಿಟ್ಟಿದ್ದ ಬಟ್ಟೆ ಹಾಕಿಕೊಂಡು ಕಾದ. ದಿನಾ ಬೆಳಿಗ್ಗೆ ಕಣ್ಣು ಬಿಟ್ಟು, "ಇನ್ನೂ ಇದ್ದೀನಲ್ಲ" ಅಂತ ಗೊಣಗುತ್ತಿದ್ದ. ಯಾಕೆಂದು ತಿಳಿಯದ ಛೆಂಗ್‌ಲು ಅದನ್ನೂ ಅಣಕಿಸಿ ನಮ್ಮನ್ನು ನಗಿಸುತ್ತಿದ್ದ, ಗಂಟಲು ಇರುವವರೆಗೆ. ಅದೇ ತಿಂಗಳ ಇಪ್ಪತ್ತಾರನೇ ದಿನ ಮಧ್ಯಾಹ್ನ ಛೆಂಗ್‌ಲು ಹೋಗಿಬಿಟ್ಟ. ಹೆಣದ ತಲೆಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದವನು ಮಾವನೇ.

ಎರಡನೇ ತಿಂಗಳ ಎರಡನೇ ದಿನ ಸಾಲು ಬೀದಿಯವರೆಗೆ ಬೆಳೆದಿತ್ತು, ಹೊರಗೆ ಪಟಾಕಿ. ಮಾವ ಬಂದಾಗ ಜನ ಜಾಗ ಬಿಟ್ಟರು. ಕುರ್ಚಿಯಲ್ಲಿ ಕೂತ. ನಾನು ಬಟ್ಟೆ ಕಟ್ಟುವಾಗ ನನ್ನ ಬೆರಳು ಹಿಡಿದು ತನ್ನ ಎಡಗಿವಿಯ ಹಿಂದಕ್ಕೆ ಒತ್ತಿದ.

"ಅವನಿಗೆ ಇಲ್ಲಿ ಬಿಟ್ಟಿದ್ದೆ ನೀನು."

"ನಿಂಗೇನಾದ್ರೂ ಆದ್ರೆ ಅಂತ, ಮಾವ..."

"ಆಗ್ಲಿ ಅಂತಾನೇ ಅಲ್ವೇನೋ ನಿನ್ನ ಕರೆದಿದ್ದು?"

ಕೂದಲಿಗೂ ಸಾವಿಗೂ ಸಂಬಂಧವಿಲ್ಲ ಅನ್ನಬಹುದಿತ್ತು. ಆದರೆ ಸಂಬಂಧ ಇದೆಯೆಂದು ನಂಬಿಯೇ ತಾನೇ ನಾನೂ ಬಿಟ್ಟಿದ್ದು?

"ಬೇಗ ಮುಗ್ಸಪ್ಪ ಫು, ನಮ್ಗೂ ಸ್ವಲ್ಪ ಅದೃಷ್ಟ ಉಳಿಸು" ಅಂತ ಸಾಲಿನಿಂದ ಯಾರೋ ಕೂಗಿದರು.

"ಮಾಡು" ಅಂದ ಮಾವ. "ಇವತ್ತು ಮಾಡಿಸ್ಕೊಂಡ್ರೆ ವರ್ಷಪೂರ್ತಿ ಚೆನ್ನಾಗಿ ಬದುಕ್ತಾರಂತಲ್ಲ. ಈ ಸಲ ಏನೂ ಬಿಡ್ಬೇಡ."

ನಾನು ಮಷೀನ್ ಚಾಲೂ ಮಾಡಿದೆ. ಅವನು ತಲೆ ತಗ್ಗಿಸಿದ.