ಒಲೆ ಏರಿದ ಕಡಲ ಸ್ಪಂಜು

ಬಲೆ ಹೆಣೆಯುವವರ ಓಣಿಯಲ್ಲಿ ಅಂದು ಬೆಳಿಗ್ಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತ ಹೊರಟ ಅದೇ ಓಣಿಯ ನರ್ಸು ಪಕ್ಕದ ಮನೆಯ ಬಲೆಗಾರನ ಅಡುಗೆಮನೆಗೇ ಬಂದು ನಿಂತಳು. ಅವನು ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದ.

"ಏನು ಭಾವ, ಹಳೇ ಚಪ್ಪಲಿ ಬೇಯಿಸ್ತಿದೀರಾ?"

"ನಗಬೇಡಮ್ಮ. ಕಡಲ ಸ್ಪಂಜು ಇದು, ಕಡಲ ತಳದಲ್ಲಿ ಅಂಟಿಕೊಂಡು ಬೆಳೆಯೋ ಜೀವಿ, ಬಲೆಗೆ ಸಿಕ್ತು. ಇದರಿಂದ ಕ್ಯಾನ್ಸರಿಗೆ ಔಷಧಿ ಮಾಡ್ತಾರಂತೆ, ರೇಡಿಯೋದಲ್ಲೇ ಹೇಳಿದ್ರು. ನಿಮ್ಮಕ್ಕನಿಗೆ ಕುಡಿಸ್ತೀನಿ."

ಅವನ ಹೆಂಡತಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಆಸ್ಪತ್ರೆಯಲ್ಲಿ ಪರೀಕ್ಷೆ ಅಂದೇ. ಆಕೆ ಹೊರಡುವುದು ಬಿಟ್ಟು ಖಾಲಿ ಲೋಟ ಹಿಡಿದು ಕೂತಿದ್ದಳು.

"ಇದರಲ್ಲೇ ವಾಸಿಯಾದ್ರೆ ಸೂಜಿ, ಕತ್ತರಿ ಯಾಕೆ ಬೇಕು ಹೇಳು?" ಎಂದಳು ಆಕೆ.

ನರ್ಸು ಒಲೆ ಆರಿಸಿದಳು. "ಭಾವ, ಕೈ ತೋರಿಸಿ."

ಅವನು ಕೈ ಹಿಂದಕ್ಕೆ ಬಚ್ಚಿಟ್ಟ. "ಸ್ವಲ್ಪ ಕೆರೆತ, ಅಷ್ಟೇ." ನರ್ಸು ಕೈ ಹಿಡಿದೆಳೆದು ನೋಡಿದರೆ ಬೆರಳುಗಳೆಲ್ಲ ಕೆಂಪಗೆ ಊದಿಕೊಂಡಿದ್ದವು.

"ಇದರ ಮೈಯಲ್ಲಿ ಗಾಜಿನ ಚೂರಿನಂಥ ಮುಳ್ಳಿರ್ತವೆ. ಮುಟ್ಟಿದ ಕೈಯೇ ಹೀಗಾದ್ರೆ ಅಕ್ಕನ ಗಂಟಲು ಏನಾಗಬೇಕು?"

"ಹಾಗಾದ್ರೆ ರೇಡಿಯೋದವರು ಸುಳ್ಳು ಹೇಳಿದ್ರಾ?"

"ಇಲ್ಲ, ನಿಜವೇ. ಒಂದು ಜಾತಿ ಸ್ಪಂಜಿನಲ್ಲಿ ಸಿಕ್ಕಿದ್ದನ್ನ ನೋಡಿ, ಅದೇ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಔಷಧಿ ಮಾಡಿದ್ದಾರೆ. ವರ್ಷಗಟ್ಟಲೆ ಪರೀಕ್ಷೆ ಮಾಡಿ, ಯಾರಿಗೆ ಎಷ್ಟು ಅಂತ ಅಳೆದು ಡಾಕ್ಟರು ಕೊಡೋದು ಅದು. ನೀವು ಸೌಟಲ್ಲಿ ಅಳೀತೀರಾ? ಇದು ಯಾವ ಜಾತಿದು ಅಂತಾದ್ರೂ ಗೊತ್ತಾ?"

"ಹಳದಿ ಜಾತಿ," ಎಂದ ಬಲೆಗಾರ, ಮೆಲ್ಲಗೆ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಆದರೆ ನಗು ನಿಂತ ಮೇಲೆ ಲೋಟ ಕೆಳಗಿಟ್ಟು ಕೇಳಿದಳು: "ಕ್ಯಾನ್ಸರೇ ಅಂದುಬಿಟ್ರೆ?"

"ಎಷ್ಟೋ ಗಂಟು ಕ್ಯಾನ್ಸರ್ ಅಲ್ಲವೇ ಅಲ್ಲ ಅಕ್ಕ. ಇದ್ರೂ ಬೇಗ ಗೊತ್ತಾದಷ್ಟು ಒಳ್ಳೇದು. ಇಲ್ಲಿ ಕೂತ್ರೆ ದಿನ ಹೋಗುತ್ತೆ, ಗಂಟು ಹೋಗಲ್ಲ."

ಆಕೆ ಎದ್ದು ಸೆರಗು ಸರಿಮಾಡಿಕೊಂಡಳು. "ನಡೀರಿ, ನಿಮ್ಮ ಕೈಯನ್ನೂ ತೋರಿಸ್ಕೊಂಡು ಬರೋಣ."

ಪರೀಕ್ಷೆಯಲ್ಲಿ ಗಂಟು ಕ್ಯಾನ್ಸರಿನದೇ ಎಂದು ತಿಳಿಯಿತು. ಆದರೆ ಇನ್ನೂ ಚಿಕ್ಕದಿತ್ತು. ಚಿಕಿತ್ಸೆ ಮುಗಿಸಿಕೊಂಡ ಆಕೆ ಈಗ ಮತ್ತೆ ಬಲೆ ಹೆಣೆಯುತ್ತಾಳೆ. ಓಣಿಯ ಯಾವ ಹೆಂಗಸು "ನಾಳೆ ಹೋದರಾಯಿತು" ಎಂದರೂ ಗದರಿಸಿ, ತಾನೇ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬಲೆಗೆ ಸ್ಪಂಜು ಬಂದರೆ ಬರಿಗೈಯಲ್ಲಿ ಮುಟ್ಟಬೇಡಿ, ಮೆಲ್ಲಗೆ ಕಡಲಿಗೇ ಬಿಡಿ. ಅದರಲ್ಲಿ ಇನ್ನೂ ಏನೇನು ಔಷಧಿಯ ಗುಣವಿದೆಯೋ, ಬಲ್ಲವರು ಹುಡುಕುತ್ತಿದ್ದಾರೆ. ಮೈಯಲ್ಲಿ ಗಂಟು ಕಂಡರೆ ಮಾತ್ರ ಕಾಯಬೇಡಿ. ಇವತ್ತೇ ಹೋಗಿ ತೋರಿಸಿಕೊಳ್ಳಿ.