ಹಿರಿಮರದ ಮೊದಲ ಬಟ್ಟಲು

ಬುಲಾಂಗ್ ಬೆಟ್ಟದ ಆ ಊರಿನಲ್ಲಿ ವಸಂತದ ಚಹಾ ಕೊಯ್ಲು ಶುರುವಾಗಿ ವಾರ ಕಳೆದಿತ್ತು. ಎಲ್ಲರ ಮನೆಯ ಮುಂದೆಯೂ ದೊಡ್ಡ ಬಾಣಲೆಗಳು ಕಾಯುತ್ತಿದ್ದವು, ಹುರಿದ ಹಸಿ ಎಲೆಯ ಘಮ ಬೀದಿ ತುಂಬಿತ್ತು. ಯಿ ಬಾನಳ ಮನೆಯಲ್ಲಿ ಮಾತ್ರ ಒಲೆಯೇ ಹೊತ್ತಿರಲಿಲ್ಲ. ತೋಟದಲ್ಲಿ ಚಿಗುರು ಬಿಚ್ಚಿಕೊಂಡು ಬಲಿಯುತ್ತಿತ್ತು. ಇನ್ನು ಸ್ವಲ್ಪ ದಿನ ಬಿಟ್ಟರೆ ಅದು ಯಾರಿಗೂ ಬೇಡದ ಸೊಪ್ಪು.

ಕಾರಣ ಊರಿಗೆಲ್ಲ ಗೊತ್ತಿತ್ತು, ಅವಳ ಅಪ್ಪ ಐ ಸಾಯ್ ಒಬ್ಬನನ್ನು ಬಿಟ್ಟು. ತೋಟದ ಹಿರಿಮರ ಈ ಚಳಿಗಾಲದಲ್ಲಿ ಒಣಗಿಹೋಗಿತ್ತು. ಅಜ್ಜಂದಿರು ಮೊಟ್ಟಮೊದಲು ನೆಟ್ಟ ಮರ ಅದು, ಮನೆಯ ಜೀವವೇ ಅದರಲ್ಲಿದೆ ಎಂದು ನಂಬಿದ್ದರು. ವಸಂತದ ಮೊದಲ ಚಿಗುರನ್ನು ಹಿರಿಮರದಿಂದಲೇ ಕೀಳಬೇಕು, ಮೊದಲ ಬಟ್ಟಲನ್ನು ಮನೆಯ ಯಜಮಾನ ಕುಡಿಯಬೇಕು. ಆಮೇಲೆಯೇ ಉಳಿದ ಮರಗಳಿಗೆ ಕೈ ಹಾಕುವುದು. ಹಿರಿಮರ ಸತ್ತರೆ ಯಜಮಾನ ಇನ್ನೊಂದು ಮರವನ್ನು ಹೆಸರಿಸಬೇಕು. ಹೆಸರಿಸಿದ ಗಳಿಗೆಗೆ ಅವನ ಯಜಮಾನಿಕೆ ಮುಗಿಯಿತು. ಹಳೆಯ ಮರದ ಹಿಂದೆಯೇ ಅವನೂ ಹೊರಡುತ್ತಾನೆ, ಇನ್ನೊಂದು ವಸಂತ ಕಾಣುವುದಿಲ್ಲ ಎಂದು ಊರಿನ ಮಾತು. ಊರಿಗೇನು, ನಾಲಿಗೆಗೆ ಎಲುಬಿಲ್ಲ. ಹಾಸಿಗೆ ಹಿಡಿದ ಅಪ್ಪನ ಎದುರು ಕೂತು ಇದನ್ನು ಹೇಳಬೇಕಾದ ಮಗಳ ಪಾಡು ಊರಿಗೇನು ಗೊತ್ತು?

"ನಾನೇ ಹೇಳ್ಲಾ?" ಎಂದ ಗಂಡ ಐ ಪೆಂಗ್. ಅವನು ಮನೆಯಳಿಯ.

"ಹೇಳು. ಅಪ್ಪ ಎದ್ದು ಬಂದು ಒದೀತಾನೆ. ನಿನ್ನಿಂದ ಹಾಗಾದ್ರೂ ಅವನು ಎದ್ದಾನು."

ಐ ಪೆಂಗ್ ತೆಪ್ಪಗಾದ. ಪಕ್ಕದ ಮನೆಯ ಯಿ ಲೊಯಿ ಅಷ್ಟು ಸುಲಭಕ್ಕೆ ತೆಪ್ಪಗಾಗುವವಳಲ್ಲ. ತುಂಬಿದ ಬುಟ್ಟಿ ಬೆನ್ನಿಗೇರಿಸಿಕೊಂಡು ಹೋಗುತ್ತ ಬೇಲಿಯಾಚೆಯಿಂದ ಕೂಗಿದಳು. "ಏನೇ ಯಿ ಬಾನ್, ಈ ಸಲ ಚಹಾ ಮಾರ್ತೀಯೋ, ಇಲ್ಲಾ ಎಮ್ಮೆ ಸಾಕಿ ಅದಕ್ಕೆ ತಿನ್ನಿಸ್ತೀಯೋ?"

ಯಿ ಬಾನ್ ಮರುದಿನ ಬೆಳಗ್ಗೆ ಒಬ್ಬಳೇ ತೋಟಕ್ಕೆ ಹೋದಳು. ಹಳ್ಳದ ಪಕ್ಕ ಅವ್ವ ನೆಟ್ಟಿದ್ದ ಮರವೊಂದಿತ್ತು. ಸುತ್ತಮುತ್ತ ನೋಡಿ ಅದರಿಂದ ಒಂದು ಹಿಡಿ ಚಿಗುರು ಕಿತ್ತು ಮಡಿಲಿಗೆ ಹಾಕಿಕೊಂಡಳು. ತನ್ನದೇ ತೋಟದಲ್ಲಿ ತಾನೇ ಕಳ್ಳಿ! ಹಿತ್ತಲಲ್ಲಿ ಅದನ್ನು ಸಣ್ಣ ಬಾಣಲೆಯಲ್ಲಿ ಹುರಿದು, ಅಂಗೈಯಲ್ಲಿ ಹೊಸೆದು, ಮೊರದಲ್ಲಿ ಹರಡಿ ಬಿಸಿಲಿಗಿಟ್ಟಳು. ಹಿರಿಮರದ್ದೇ ಎಂದು ಹೇಳಿ ಅಪ್ಪನಿಗೆ ಕುಡಿಸಿಬಿಡುವುದು, ಅಷ್ಟೇ ಅವಳ ಉಪಾಯ. ಅಪ್ಪ ಯಜಮಾನನಾಗಿಯೇ ಉಳಿಯುತ್ತಾನೆ, ಕೊಯ್ಲಿಗೂ ದಾರಿಯಾಗುತ್ತದೆ. ಪಾಪ ಬಂದರೆ ತನಗೇ ಬರಲಿ.

ಎಲೆ ಒಣಗಿದ ಮೇಲೆ, ಮಧ್ಯಾಹ್ನ ಅಪ್ಪನ ಹಾಸಿಗೆಯ ಪಕ್ಕ ಒಲೆಗೆ ಬುಗ್ಗೆಯ ನೀರಿಟ್ಟಳು. ಎಲೆ ತೊಳೆಯಲೆಂದು ಮೊದಲ ನೀರು ಹುಯ್ದು ಬಗ್ಗಿಸಿ ಚೆಲ್ಲಿದಳು. ಮತ್ತೆ ನೀರು ಹುಯ್ದು ಸ್ವಲ್ಪ ಹೊತ್ತಿಗೇ ಬಟ್ಟಲಿಗೆ ಬಸಿದಳು. ಹೊಸ ಬಿದಿರಿನ ಒಳಮೈಯಂಥ ತಿಳಿ ಬಣ್ಣ. ಅಪ್ಪನನ್ನು ದಿಂಬಿಗೆ ಒರಗಿಸಿ ಎರಡೂ ಕೈಯಲ್ಲಿ ಬಟ್ಟಲು ಕೊಟ್ಟಳು.

ಐ ಸಾಯ್ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ನಿಧಾನವಾಗಿ ನುಂಗಿದ.

"ಯಾವ ಮರದ್ದು?"

"ಹಿರಿಮರದ್ದು ಅಪ್ಪಾ. ಇನ್ಯಾವ್ದು?"

"ಹಿರಿಮರದ ಕಹಿ ಗಂಟಲಲ್ಲಿ ಕೂರುತ್ತೆ. ಇದು ನಾಲಿಗೆ ತುದೀಲೇ ಕಚ್ತು. ಇದು ನಿಮ್ಮವ್ವ ಹಳ್ಳದ ಪಕ್ಕ ನೆಟ್ಟಿದ್ದು."

ಯಿ ಬಾನ್ ತಲೆ ತಗ್ಗಿಸಿದಳು. "ಅಪ್ಪಾ, ಅದು..."

"ಸತ್ತೋಯ್ತು. ಗೊತ್ತು. ಊರಿಗೆಲ್ಲ ಬಾಣಲೆ ವಾಸನೆ, ನಮ್ಮನೇಲಿ ಮಾತ್ರ ಇಲ್ಲ. ಕಾಲು ಬಿದ್ದಿದೆ ನಿಜ, ಮೂಗು ಬಿದ್ದಿಲ್ಲ ನಂದು."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ಇಷ್ಟು ದಿನದ ಚಿಗುರು ಹಾಳಾಯ್ತಲ್ಲ!" ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಮುದುಕ ಬಟ್ಟಲನ್ನೇ ನೋಡುತ್ತ ಕೂತ. "ಕೇಳಿದ್ರೆ ಹೆಸರು ಹೇಳ್ಬೇಕಾಗಿತ್ತಲ್ಲ ಮಗಾ. ಹೆದ್ರಿಕೆ ಆಯ್ತು. ಇಷ್ಟು ವಯಸ್ಸಾದ್ಮೇಲೂ ಹೆದ್ರಿಕೆ ಆಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ."

ಅವಳ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಅಪ್ಪ ಹೆದರಿದ್ದನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಹೇಳ್ಬೇಡ ಅಪ್ಪಾ. ಈ ವರ್ಷ ಕೊಯ್ಲೇ ಬೇಡ. ಬಲಿತರೆ ಬಲೀಲಿ."

"ಮಕ್ಕಳಿಗೆ ಏನು ತಿನ್ನಿಸ್ತೀಯ, ನನ್ನ ಕೆಮ್ಮಾ?" ಎಂದು ಗದರಿದ. "ನೀರು ಹುಯ್ಯಿ. ಇನ್ನೊಂದು ಸಲ ಬಸಿ."

ಬಸಿದು ಬಟ್ಟಲು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಬೆರಳ ಹಿಂಬದಿಯಿಂದ ಅದನ್ನು ಅವಳತ್ತಲೇ ತಳ್ಳಿದ.

"ನೀನು ಕುಡಿ."

ಆ ಮನೆಯಲ್ಲಿ ವಸಂತದ ಚಹಾವನ್ನು ಅವನು ಕುಡಿದು ಸಾಕೆನ್ನುವವರೆಗೆ ಯಾರೂ ಬಾಯಿಗಿಟ್ಟವರಲ್ಲ. ಯಿ ಬಾನ್ ಬಟ್ಟಲು ಹಿಡಿದು ಹಾಗೇ ಕೂತಳು. ಹೊರಗಿದ್ದ ಅಳಿಯನಿಗೂ ಕೇಳುವಂತೆ ಮುದುಕ ಗಟ್ಟಿಯಾಗಿ ಹೇಳಿದ: "ಹಳ್ಳದ ಪಕ್ಕದ ಮರ. ಇವತ್ತಿಂದ ಅದೇ ಹಿರಿಮರ."

ಬಾಗಿಲ ಆಚೆ ಐ ಪೆಂಗ್ ಮೊಣಕಾಲೂರಿದ. ಒಳಗೆ ಯಿ ಬಾನ್ ಬಿಕ್ಕಿದಳು.

"ಅಳ್ತಾ ಕುಡಿದ್ರೆ ಉಪ್ಪಾಗುತ್ತೆ. ಮೊದಲು ಕುಡಿ, ಆಮೇಲೆ ಅಳು."

ಕುಡಿದಳು. ಬಾಯೆಲ್ಲ ಕಹಿಯಾಯಿತು. ಒಳ್ಳೆಯ ಮರದ ಚಹಾ ಆದರೆ ಕಹಿ ಇಳಿದ ಬೆನ್ನಿಗೇ ಗಂಟಲಲ್ಲಿ ಸಿಹಿ ಏಳಬೇಕು. ಅಪ್ಪ ಅವಳ ಗಂಟಲನ್ನೇ ನೋಡುತ್ತಿದ್ದ.

"ಸಿಹಿ ಬಂತಾ?"

ಕಾದಳು. ಬರಲಿಲ್ಲ. "ಬಂತು ಅಪ್ಪಾ," ಎಂದಳು.

"ಸುಳ್ಳಿ. ನಾನೂ ಕುಡಿದೆನಲ್ಲ. ಎಳೇ ಮರ ಅದು, ಸಿಹಿ ಕಟ್ಟೋಕೆ ಇನ್ನೂ ವರ್ಷಗಟ್ಟಲೆ ಬೇಕು. ನೀನು ಕಾಯಿ. ನಂಗೆ ಕಾಯೋಕಾಗಲ್ಲ, ಅಷ್ಟೇ."

ಆಮೇಲೆ ಐ ಸಾಯ್ ಎರಡೂ ಕೈಗಳನ್ನು ಜೋಡಿಸಿ, ಹಿರಿಯರ ಮುಂದೆ ಕಿರಿಯರು ಚಾಚುವ ಹಾಗೆ, ಮಗಳ ಮುಂದೆ ಚಾಚಿದ.

"ಯಜಮಾನ್ತೀ," ಎಂದ, "ಉಳಿದಿದ್ರೆ ನಂಗೂ ಒಂದಿಷ್ಟು ಕೊಡಿ."