ಇಟಲಿಯ ಅಣ್ಣ, ಇಂಗ್ಲೆಂಡಿನ ತಮ್ಮ

ನಾನೊಂದು ಫುಟ್‌ಬಾಲು. ಒದೆ ತಿನ್ನುವುದೇ ನನ್ನ ಕಸುಬು, ಅದರ ಬಗ್ಗೆ ನನಗೆ ಬೇಸರವಿಲ್ಲ. ಹುಟ್ಟಿದ್ದು ಜಲಂಧರದಲ್ಲಿ. ಒಬ್ಬ ಹೆಂಗಸು ನನ್ನ ಕಪ್ಪು ಬಿಳಿ ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿದು, ಕೊನೆಯ ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಲಾರಿ ಹತ್ತಿ ಹುಬ್ಬಳ್ಳಿಗೆ ಬಂದೆ. ಅಂಗಡಿಯ ಬಲೆಯಲ್ಲಿ ತೂಗಾಡುತ್ತಿದ್ದ ನನ್ನನ್ನು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಎಲೀಷ ಕೊಂಡು ತಂದ. ಅವನು ಕಾಲನಿಯ ತಂಡದ ಕ್ಯಾಪ್ಟನ್. ಅವನ ತಮ್ಮ ತಿಮೊಥಿ ಅದೇ ತಂಡದ ಮುಂಚೂಣಿ ಆಟಗಾರ. ಇಬ್ಬರೂ ಒಂದೇ ಸೂರಿನಡಿ ಇದ್ದರು.

ಅಣ್ಣ ಬೆಳೆಯುವಾಗ ಟಿವಿಯಲ್ಲಿ ಇಟಲಿಯ ಲೀಗ್ ಬರುತ್ತಿತ್ತಂತೆ. ತಮ್ಮ ಬೆಳೆಯುವ ಹೊತ್ತಿಗೆ ಇಂಗ್ಲೆಂಡಿನದು ಬಂತು. ಟಿವಿ ಮುಂದೆ ಕೂತ ಚಾಪೆ ಅದೇ, ಕಲಿತ ಆಟ ಮಾತ್ರ ಬೇರೆ. ಎಲೀಷ ನನ್ನನ್ನು ಪಾದದ ಒಳಬದಿಯಿಂದ ಮುಟ್ಟುತ್ತಿದ್ದ. ಹಿಂದಕ್ಕೆ ಕೊಡುವನು, ನಿಲ್ಲಿಸುವನು, ಎದುರಾಳಿ ತಪ್ಪುವ ತನಕ ಕಾಯುವನು. ತಪ್ಪಿದನೋ, ಒಂದೇ ಒಂದು ಪಾಸು, ನೇರ ಗೋಲಿನ ಬಾಯಿಗೆ. ತಿಮೊಥಿಗೆ ಆ ತಾಳ್ಮೆ ಎಲ್ಲಿಯದು? ನಾನು ನೆಲ ಮುಟ್ಟುವ ಮೊದಲೇ ಮತ್ತೊಂದು ಒದೆ. ಅಂಚಿನಿಂದ ಹಾರಿಸು, ತಲೆಯಿಂದ ಗುದ್ದು, ಬಿದ್ದರೆ ಎದ್ದು ಓಡು. ನಿಜ ಹೇಳುತ್ತೇನೆ, ಹಾಗೆ ಆಕಾಶಕ್ಕೆ ಹಾರುವುದು ನನಗೂ ಇಷ್ಟವಿತ್ತು.

ರಾತ್ರಿ ಊಟಕ್ಕೆ ಕೂತರೆ ಇದೇ ಜಗಳ. ಮಂಚದ ಕೆಳಗಿನಿಂದ ನಾನು ಕೇಳುತ್ತಿದ್ದೆ.

"ಗೋಲ್ ಮುಂದ ಮಂದಿ ನಿಂದ್ರಿಸಿ ಬಾಗಲಾ ಕಾಯೋದು ಆಟ ಅನ್ನಂಗಿಲ್ಲಣ್ಣಾ," ಎನ್ನುತ್ತಿದ್ದ ತಮ್ಮ. ಈಗ ಇಟಲಿಯವರೂ ಓಡುವುದನ್ನು ಕಲಿತಿದ್ದಾರೆ, ನೀನೊಬ್ಬ ಕಲಿಯಲಿಲ್ಲ ಎಂದೂ ಕೆಣಕುತ್ತಿದ್ದ.

"ಇಂಗ್ಲೆಂಡಿನ್ಯಾಗ ಚಳಿ ಐತಿ, ಓಡಲಿಲ್ಲಂದ್ರ ಮೈ ಸೆಟೀತೈತಿ. ನಮ್ದು ಬಿಸಲಿನ ಊರು. ಇಲ್ಲಿ ಚೆಂಡ ಓಡಬೇಕು, ಮನಿಷಾ ಅಲ್ಲ," ಎನ್ನುತ್ತಿದ್ದ ಎಲೀಷ.

ಅವನ ನಿಧಾನಕ್ಕೆ ಇನ್ನೊಂದು ಕಾರಣವಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಪಂದ್ಯಕ್ಕೆ ಮುಂಚೆ ಅವನು ನನ್ನನ್ನು ಎದೆಗೊತ್ತಿಕೊಂಡು, ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದ. ಆಗ ಅವನ ಎದೆಬಡಿತ ನನ್ನ ಚರ್ಮಕ್ಕೆ ಕೇಳುತ್ತಿತ್ತು. ಒಂದು, ಎರಡು, ಆಮೇಲೆ ಏನೂ ಇಲ್ಲ. ತುಸು ತಡೆದು ಎರಡು ಬಡಿತ ಒಟ್ಟಿಗೆ. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ಹೆಂಡತಿ ಸುಗಂಧಿ ಏನೆಂದು ಕೇಳಿದರೆ, ಗ್ಯಾಸ್ ಅನ್ನುತ್ತಿದ್ದ. ಅವಳು ಜೀರಿಗೆ ಕುದಿಸಿ ಕೊಡುತ್ತಿದ್ದಳು. ನನಗೆ ಬಾಯಿಲ್ಲ, ಬರೀ ಗಾಳಿ.

ಮೇ ತಿಂಗಳ ಫೈನಲ್. ನೆಲ ಹೆಂಚಿನಂತೆ ಕಾದಿತ್ತು. ಅರ್ಧ ಆಟ ಮುಗಿದರೂ ಗೋಲಿಲ್ಲ. ನಿನ್ನ ಕಾಯುವ ಆಟದಿಂದಲೇ ಕಪ್ ಹೋಗುತ್ತದೆ ಎಂದು ತಿಮೊಥಿ ಎಲ್ಲರೆದುರು ಅಣ್ಣನನ್ನು ಬೈದ. ಎಲೀಷ ನೀರು ಕುಡಿದು, ಬಾಯಿ ಒರೆಸಿಕೊಂಡು ನಕ್ಕ.

"ಆತಪಾ, ಇವತ್ತೊಂದಿನ ನಿನ್ನಂಗ ಆಡ್ತೀನಿ."

ನನಗೆ ಭಯವಾಯಿತು. ಅವನು ಓಡಿದ. ಅಂಥ ಓಟ ಅವನ ಕಾಲಿನಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಅಂಚಿನಿಂದ ನನ್ನನ್ನು ಎತ್ತರಕ್ಕೆ ಹಾರಿಸಿದ, ತಿಮೊಥಿ ತಲೆ ಕೊಟ್ಟ, ಗೋಲಾಯಿತು. ಬಲೆಯೊಳಗಿಂದ ನೋಡಿದೆ. ಎಲೀಷ ಮೊಣಕಾಲೂರಿದ್ದ, ಹಣೆ ನೆಲಕ್ಕೆ ತಾಗಿತ್ತು. ದೇವರಿಗೆ ಸ್ತೋತ್ರ ಮಾಡುತ್ತಿದ್ದಾನೆಂದು ಎಲ್ಲರೂ ಗೌರವದಿಂದ ದೂರ ನಿಂತರು. ಕೆಲವರು ಟೋಪಿಯನ್ನೂ ತೆಗೆದರು. ಪ್ರಾರ್ಥನೆ ಮುಗಿಯಲೆಂದು ಅವರು ಕಾದ ಹೊತ್ತಿನಲ್ಲೇ ಅವನು ಮುಗಿದುಹೋದ.

ಇದು ಮನೆತನದಲ್ಲಿ ಬರುವ ಹೃದಯದ ಕಾಯಿಲೆ, ತಮ್ಮನೂ ತೋರಿಸಿಕೊಳ್ಳಬೇಕು ಎಂದರು ಡಾಕ್ಟರು. ತಿಮೊಥಿ ನಾಳೆ ಹೋಗುತ್ತೇನೆಂದ. ಆ ನಾಳೆಗೆ ಈಗ ವರ್ಷಗಳಾದವು. ನಾನು ಕಪಾಟಿನ ಮೇಲೆ, ಅಂದು ಗೆದ್ದ ಕಪ್‌ನ ಪಕ್ಕದಲ್ಲಿದ್ದೇನೆ. ಗಾಳಿ ಇಳಿದು ಮುಖ ಸುಕ್ಕುಗಟ್ಟಿದೆ.

ಇವತ್ತು ಮತ್ತೆ ಮೇ ತಿಂಗಳ ಫೈನಲ್. ಮಧ್ಯಾಹ್ನ ತಿಮೊಥಿ ಬಂದು ನನ್ನನ್ನು ಕೆಳಗಿಳಿಸಿದ, ಅಣ್ಣನ ಹಾಗೆಯೇ ಎದೆಗೊತ್ತಿಕೊಂಡು ಕಣ್ಣು ಮುಚ್ಚಿದ. ಒಂದು, ಎರಡು, ಆಮೇಲೆ ಏನೂ ಇಲ್ಲ. ತುಸು ತಡೆದು ಎರಡು ಬಡಿತ ಒಟ್ಟಿಗೆ.

ನನ್ನನ್ನು ಮತ್ತೆ ಕಪಾಟಿನ ಮೇಲಿಟ್ಟು ಅವನು ಹೊಸಿಲು ದಾಟಿದ. ಮಾರಿ ಯಾಕೆ ಇಷ್ಟು ಬಾಡಿದೆ ಎಂದು ಸುಗಂಧಿ ಅಡುಗೆಮನೆಯಿಂದ ಕೇಳಿದಳು.

"ಏನಿಲ್ಲ ವೈನಿ, ಗ್ಯಾಸ್," ಎಂದು ಅವನು ಬೈಕ್ ಚಾಲೂ ಮಾಡಿದ.

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಸುಗಂಧಿ ನಿಧಾನದ ಹೆಂಗಸು, ಗಂಡನ ಹಾಗೆ ಕಾಯುವ ಪೈಕಿ. ಅವಳೀಗ ಬರಿಗಾಲಲ್ಲಿ ಹೊರಗೆ ಧಾವಿಸಿದ್ದಾಳೆ. ಬೈಕಿನ ಸದ್ದು ಓಣಿಯ ತಿರುವಿನ ಕಡೆ ಸರಿಯುತ್ತಿದೆ. ನನಗೆ ಯಾವ ಲೀಗಿನ ಆಟ ಮೇಲು ಎಂಬುದು ಇವತ್ತಿಗೂ ಗೊತ್ತಿಲ್ಲ. ಅವಳು ಮಾತ್ರ ಈ ಒಂದು ಸಲ ಇಂಗ್ಲೆಂಡಿನವರ ಹಾಗೆ ಓಡಲಿ.